ಸೆನ್ಸರಿಗೆ ಕಾಣದ ದಾರಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಬಿಳಿ ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ತಮ್ಮನ ಕಡೆಗೆ ತಳ್ಳಿ, "ತಗೋ, ಕಳ್ಳರ ಅಲಾರಾಂ. ನೀನೇ ಹಾಕು," ಎಂದ. ಪೆಟ್ಟಿಗೆಯ ಮೇಲೆ ಒಂದು ಮನೆಯ ಚಿತ್ರ, ಮನೆಯ ಸುತ್ತ ಕೆಂಪು ಗೆರೆ, ಗೆರೆಯ ಆಚೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಕಳ್ಳ. ತಮ್ಮ ಆ ಕಳ್ಳನನ್ನೇ ನೋಡುತ್ತ ಕೂತ. ಅವನ ಕಷ್ಟ ದೊಡ್ಡದೇನಲ್ಲ. ಈ ಮನೆಯವರು ಹಿಡಿಯಲು ಹೊರಟಿದ್ದ ಕಳ್ಳ ಅವನೇ.

ಮನೆಯಲ್ಲೂ ಬೀದಿಯಲ್ಲೂ ಅವನಿಗೆ ಕಿಡಿ ಎಂದೇ ಹೆಸರು. ಕೋಪ ಮೂಗಿನ ತುದಿಯಲ್ಲಿ ಇರುತ್ತದೆ ಎನ್ನುತ್ತಾರಲ್ಲ, ಇವನದು ಮೂಗಿನಿಂದ ಒಂದು ಗೇಣು ಮುಂದೆಯೇ ಇರುತ್ತಿತ್ತು. ಎಂಟನೇ ತರಗತಿಯಲ್ಲಿ ಮಾಡದ ತಪ್ಪಿಗೆ ಮೇಷ್ಟ್ರು ಹೊಡೆದರೆಂದು ಪುಸ್ತಕದ ಚೀಲವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಎದ್ದು ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಈಗ ಇಪ್ಪತ್ತಮೂರು. ಇಷ್ಟರಲ್ಲೇ ಮೂರು ಕೆಲಸಗಳನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟು ಎದ್ದು ಬಂದಿದ್ದ. ನಾಲ್ಕನೆಯದು ಅಲ್ಯೂಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪಿನದು. ಅಣ್ಣ ಮರಗೆಲಸದವನು, ಆ ಮಾಲೀಕನಿಗೆ ಗುರುತಿನವನು. ತಾನೇ ಹೋಗಿ, ಕೈಕಟ್ಟಿ ನಿಂತು, ಮಾತಾಡಿ ಸೇರಿಸಿದ್ದ. ಸೇರಿಸಿ ಬಂದ ದಿನವೇ ಹೇಳಿದ್ದ: "ಇದೇ ಕೊನೆ ನೋಡು. ಇನ್ನೊಂದು ಸಲ ಜಗಳ ಆಡ್ಕೊಂಡು ಬಂದ್ರೆ ನೀನು ಬೇರೆ ಕೋಣೆ ಹುಡುಕ್ಕೋ. ನನ್ನ ಮಾತಿಗೂ ಒಂದು ತೂಕ ಇದೆ."

ಎರಡು ವರ್ಷ ನಡೆಯಿತು. ಹತ್ತೊಂಬತ್ತು ದಿನಗಳ ಹಿಂದೆ ಮುಗಿಯಿತು.

ಆದದ್ದು ಇಷ್ಟು. ಎಂಟು ಗಾಜು ತಪ್ಪು ಅಳತೆಗೆ ಕತ್ತರಿಸಿ ಬಂದಿದ್ದವು. ಅಳತೆ ಬರೆದುಕೊಂಡು ಬಂದವನು ಮಾಲೀಕನ ಅಳಿಯ. ಆದರೆ ಮಾಲೀಕನ ಅಳಿಯ ಬರೆದ ಅಳತೆ ಈ ಭೂಮಿಯ ಮೇಲೆ ಎಲ್ಲೂ, ಎಂದೂ ತಪ್ಪಾಗುವುದಿಲ್ಲ. ತಪ್ಪಾಗುವುದು ಸ್ಕ್ರೂಡ್ರೈವರ್ ಹಿಡಿದು ನಿಂತವನದೇ. "ಹಾಗಾದ್ರೆ ಗೋಡೆನೇ ರಾತ್ರಿ ಬೆಳೆದಿರ್ಬೇಕು ಬಿಡಿ, ಅದನ್ನೇ ಕೆಲಸದಿಂದ ತೆಗೀರಿ," ಎಂದ ಕಿಡಿ. ಮಾಲೀಕ ಅವನ ಅಪ್ಪನನ್ನು ಮಾತಿಗೆ ಎಳೆದ. ಸತ್ತು ಹತ್ತು ವರ್ಷವಾದ ಅಪ್ಪ. ಕಿಡಿಯ ಕೈಯಲ್ಲಿದ್ದ ಗಾಜು ಜಾರಿ ಬೀಳಲಿಲ್ಲ. ಅವನೇ ಬಿಟ್ಟ.

ಅಂದು ಸಂಜೆ ಮನೆಯಲ್ಲಿ ಹೇಳಬೇಕೆಂದಿದ್ದ. ಅಣ್ಣ ಊಟ ಮಾಡುತ್ತಾ, "ನಿನ್ನ ಮಾಲೀಕ ಸಿಕ್ಕಿದ್ದ ಹೋದ ವಾರ, ನಿನ್ನ ಕೈ ಚೆನ್ನಾಗಿದೆ ಅಂದ," ಎಂದುಬಿಟ್ಟ. ಹೇಳಬೇಕಾದ ಮಾತು ತುತ್ತಿನ ಜೊತೆ ಒಳಗೆ ಹೋಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಅತ್ತಿಗೆ ಎಂದಿನಂತೆ ಊಟದ ಡಬ್ಬಿ ಕೈಗೆ ಕೊಟ್ಟಳು. ಕಿಡಿ ಎಂದಿನಂತೆ ತೆಗೆದುಕೊಂಡು ಹೊರಟ.

ಮೊದಲ ಐದು ದಿನ ನಿಜವಾಗಿಯೂ ಕೆಲಸ ಹುಡುಕಿದ. ಒಬ್ಬೊಬ್ಬ ಮಾಲೀಕನೂ "ಹಿಂದೆ ಎಲ್ಲಿದ್ದೆ, ಯಾಕೆ ಬಿಟ್ಟೆ" ಎಂದು ಕೇಳುವವನೇ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ಬಿಸಿಲು ನೆತ್ತಿ ಸುಟ್ಟು, ಡಬ್ಬಿ ಬಿಚ್ಚಿ ಕೂರಲು ಒಂದು ನೆರಳೂ ಸಿಗುತ್ತಿರಲಿಲ್ಲ. ಪಾರ್ಕಿನ ಕಾವಲುಗಾರ ಎಬ್ಬಿಸುತ್ತಿದ್ದ. ಬಸ್ ನಿಲ್ದಾಣದಲ್ಲಿ ಕೂತರೆ ಪರಿಚಯದವರು ನೋಡುತ್ತಾರೆ. ಆರನೇ ದಿನ ಅವನಿಗೆ ಮನೆಯ ಹಿಂದಿನ ಕಿಟಕಿ ನೆನಪಾಯಿತು.

ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಪುಟ್ಟ ಜಾಗ, ಅದಕ್ಕೆ ಎರಡು ಬಾಗಿಲಿನ ಸರಿಯುವ ಕಿಟಕಿ. ಒಂದು ಬಾಗಿಲು ಜರುಗುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಅದನ್ನು ಕಿಡಿಯೇ ವರ್ಕ್‌ಶಾಪಿಗೆ ಸೇರಿದ ಮೊದಲ ತಿಂಗಳಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಮಾಡಿ ಹಾಕಿದ್ದ. ಮನೆಯಲ್ಲಿ ಎಲ್ಲರಿಗೂ ತೋರಿಸಿ ಮೆರೆದಿದ್ದ. ಜರುಗುವ ಬಾಗಿಲು ಎತ್ತರದಲ್ಲಿ ನಾಲ್ಕು ಮಿಲಿಮೀಟರ್ ಕಮ್ಮಿಯಾಗಿದೆ ಎಂಬುದು ಅವನಿಗೆ ಮಾರನೇ ದಿನವೇ ತಿಳಿದಿತ್ತು. ಹೊರಗಿನಿಂದ ಎರಡು ಅಂಗೈ ಒತ್ತಿ ಮೇಲಕ್ಕೆತ್ತಿದರೆ ಚಿಲಕ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಅಣ್ಣ ಮೊದಲೇ ಅಲ್ಯೂಮಿನಿಯಂ ಎಂದರೆ ಮೂಗು ಮುರಿಯುವವನು. ಆದ್ದರಿಂದ ಕಿಡಿ ಯಾರಿಗೂ ಹೇಳಿರಲಿಲ್ಲ. ಮನೆಗಿದ್ದ ಎರಡೇ ಕೀಲಿಕೈಗಳು ಅಣ್ಣ ಅತ್ತಿಗೆಯರ ಬಳಿ. ದಿನಾ ಎಲ್ಲರಿಗಿಂತ ಕೊನೆಗೆ ಬರುವ ಕಿಡಿಗೆ ಕೀಲಿಯ ಅಗತ್ಯವೇ ಬಿದ್ದಿರಲಿಲ್ಲ.

ಹನ್ನೆರಡಕ್ಕೆ ಕಿಟಕಿಯಿಂದ ಒಳಗೆ ಬರುವುದು, ಅತ್ತಿಗೆ ಕಟ್ಟಿಕೊಟ್ಟ ಡಬ್ಬಿಯನ್ನು ಅತ್ತಿಗೆಯ ಅಡುಗೆಮನೆಯಲ್ಲೇ ಕೂತು ಉಣ್ಣುವುದು, ಹಾಲ್‌ನಲ್ಲಿದ್ದ ಮಂಚದ ಮೇಲೆ ಫ್ಯಾನಿನ ಕೆಳಗೆ ಎರಡು ಗಂಟೆ ಮಲಗುವುದು, ಮೂರಕ್ಕೆ ಮಂಚದ ಹೊದಿಕೆಯನ್ನು ನುಣ್ಣಗೆ ಎಳೆದು ಬಂದ ದಾರಿಯಲ್ಲೇ ಹೋಗುವುದು. ಅತ್ತಿಗೆ ನಾಲ್ಕಕ್ಕೆ ಬರುತ್ತಾಳೆ, ಅಣ್ಣ ಏಳಕ್ಕೆ, ಕಿಡಿ ದಣಿದ ಮುಖ ಮಾಡಿಕೊಂಡು ಎಂಟಕ್ಕೆ. ಒಂದು ಲೋಟ ಅತ್ತಿತ್ತ ಆಗದಂತೆ ನೋಡಿಕೊಂಡಿದ್ದ. ಕಳ್ಳ ಕೂಡ ಇಷ್ಟು ಶಿಸ್ತಾಗಿ ಇರುವುದಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೂ ಉಂಟು.

ಆದರೆ ಅತ್ತಿಗೆ ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಇಸ್ತ್ರಿ ಮೇಜಿನ ಮುಂದೆ ಒಂಬತ್ತು ವರ್ಷ ನಿಂತವಳು.

"ಕೈಯಲ್ಲಿ ಎಳೆದು ಸರಿ ಮಾಡಿದ ಬಟ್ಟೆಗೂ ಒದರಿ ಹಾಸಿದ ಬಟ್ಟೆಗೂ ವ್ಯತ್ಯಾಸ ಇರಲ್ವಾ?" ಎಂದಳು ಈಗ, ಚಹಾದ ಲೋಟಗಳನ್ನು ಮೇಜಿನ ಮೇಲಿಡುತ್ತ. "ನಾನು ಬೆಳಿಗ್ಗೆ ಒದರಿ ಹಾಸಿ ಹೋಗ್ತೀನಿ. ಸಂಜೆ ಬಂದ್ರೆ ಮಂಚದ ಮೇಲೆ ಅಂಗೈ ಆಡಿಸಿದ ಗೆರೆ. ಅಂಚನ್ನ ಒಳಗೆ ಸಿಕ್ಕಿಸಿರೋದು ಬೇರೆ ಥರ. ಯಾರೋ ಮಲಗಿ ಎದ್ದಿದ್ದಾರೆ. ಹತ್ತು ದಿನದಿಂದ ಹೇಳ್ತಿದೀನಿ ಇವರಿಗೆ, ನಂಬಬೇಕಲ್ಲ."

"ಈಗ ನಂಬಿದೀನಲ್ಲ," ಎಂದ ಅಣ್ಣ.

"ಏನೂ ಹೋಗಿಲ್ಲ ಅಲ್ವಾ ಅತ್ತಿಗೆ," ಎಂದ ಕಿಡಿ. "ಏನಾದ್ರೂ ಕದ್ದಿದ್ರೆ ಕಳ್ಳ ಅನ್ಬಹುದು. ಏನೂ ಕದಿಯದೆ ಮಲಗಿ ಎದ್ದು ಹೋಗೋಕೆ ಇದೇನು ಲಾಡ್ಜಾ?"

"ಅದೇ ನನಗೆ ಭಯ. ಕದ್ದುಕೊಂಡು ಹೋದವನು ಮತ್ತೆ ಬರಲ್ಲ. ಇವನು ಕದಿಯೋದಿಲ್ಲ, ಮತ್ತೆ ಮತ್ತೆ ಬರ್ತಾನೆ. ಅಂದ್ರೆ ಏನಕ್ಕೋ ಕಾಯ್ತಾ ಇದಾನೆ."

ಅವಳು ಒಳಗೆ ಹೋದ ಮೇಲೆ ಅಣ್ಣ ದನಿ ತಗ್ಗಿಸಿದ. "ನಿನಗೆ ಗೊತ್ತಿಲ್ಲ. ನಾನೂ ನಿನ್ನೆ ತಿಳ್ಕೊಂಡೆ. ಹತ್ತು ದಿನದಿಂದ ಅವಳು ನಾಲ್ಕಕ್ಕೆ ಬಂದು ಮನೆ ಒಳಗೇ ಹೋಗಲ್ವಂತೆ. ಮೇಲಿನ ಮನೆ ಆಂಟಿ ಹತ್ರ ಹೋಗಿ ಏಳರ ತನಕ ಕೂತಿರ್ತಾಳೆ. ಆ ಆಂಟಿ ಮಂಡಿನೋವಿನ ಕಥೆ ಶುರು ಮಾಡಿದ್ರೆ ಮುಗಿಯೋದುಂಟಾ. ಅದನ್ನೆಲ್ಲ ಕೇಳ್ಕೊಂಡು ಕೂತಿರ್ತಾಳೆ. ನಾನು ಬೀದಿ ತಿರುವಿಗೆ ಬಂದಿದ್ದು ಬಾಲ್ಕನಿಯಿಂದ ನೋಡಿ, ಆಮೇಲೆ ಇಳಿದು ಬಂದು ಬಾಗಿಲು ತೆಗೆಯೋದು. ತನ್ನ ಮನೆಗೆ ತಾನು ಹೋಗೋಕೆ ಹೆದರ್ತಾಳೆ ಕಣೋ."

ಕಿಡಿ ಚಹಾ ಕುಡಿದ. ಅದು ಬಿಸಿಯಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ.

"ಹೊರಗಿನವನನ್ನ ಕರೆಸಿ ಹಾಕಿಸ್ಬಹುದಿತ್ತು," ಎಂದು ಅಣ್ಣ ಮುಂದುವರಿಸಿದ, "ಆದ್ರೆ ಎಲ್ಲೆಲ್ಲಿ ಏನಿದೆ ಅಂತ ಅವನಿಗೆ ನಾವೇ ತೋರಿಸಿಕೊಟ್ಟ ಹಾಗೆ. ಮನೆಯವನೇ ಆದ್ರೆ ಆ ಯೋಚನೆ ಇಲ್ಲ. ನೀನು ಎಲ್ಲಾ ವಿಷಯಕ್ಕೂ ಜಗಳ ಆಡ್ತಿ, ಒಪ್ಕೋತೀನಿ. ಆದ್ರೆ ಕೆಲಸದಲ್ಲಿ ಮೋಸ ಮಾಡಿದ್ದು ನಾನು ನೋಡಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸವಿತ್ತು ಅವನಿಗೆ.

ಪೆಟ್ಟಿಗೆ ಬಿಚ್ಚಿದ. ಗೋಡೆಗೆ ಹಾಕುವ ಮುಖ್ಯ ಯಂತ್ರ, ಅದರಲ್ಲಿ ಅಂಕಿಗಳ ಗುಂಡಿ. ಬಾಗಿಲು ಕಿಟಕಿಗಳಿಗೆ ಮೂರು ಜೊತೆ ಅಯಸ್ಕಾಂತದ ತುಂಡುಗಳು. ಜೊತೆಯಲ್ಲಿ ಒಂದನ್ನು ಚೌಕಟ್ಟಿಗೂ ಒಂದನ್ನು ಬಾಗಿಲಿಗೂ ಅಂಟಿಸಬೇಕು, ಬಾಗಿಲು ತೆರೆದು ಎರಡೂ ದೂರವಾದರೆ ಸೈರನ್ ಕೂಗುತ್ತದೆ. ಮುಷ್ಟಿ ಗಾತ್ರದ ಒಂದು ಮೋಷನ್ ಸೆನ್ಸರ್, ಮನೆಯೊಳಗೆ ಯಾರು ಓಡಾಡಿದರೂ ಕಂಡುಹಿಡಿಯುವಂಥದ್ದು. ಒಂದು ಸೈರನ್. ಚಾಲೂ ಮಾಡಿದ ಮೇಲೆ ಹೊರಗೆ ಹೋಗಲು ಒಂದು ನಿಮಿಷ ಬಿಡುವು ಕೊಡುತ್ತದೆ, ಮನೆಯವರು ಒಳಗಿದ್ದರೆ ಬಾಗಿಲು ಕಿಟಕಿಗಳನ್ನಷ್ಟೇ ಕಾಯುವಂತೆಯೂ ಇಡಬಹುದು. ಮಡಿಸಿದ ಹಾಳೆಯಲ್ಲಿ ಅಕ್ಷರಕ್ಕಿಂತ ಚಿತ್ರವೇ ಹೆಚ್ಚು. ಅದು ಕಿಡಿಗೆ ಅನುಕೂಲವೇ. ಯಾರಾದರೂ ಗುಂಡಿ ಒತ್ತಿ ಅಲಾರಾಂ ನಿಲ್ಲಿಸಿದರೂ ಅಣ್ಣನ ಫೋನಿಗೆ ಗಂಟೆ ನಿಮಿಷ ಸಮೇತ ಸುದ್ದಿ ಹೋಗುತ್ತದೆ ಎಂದು ಒಂದು ಚಿತ್ರ ತೋರಿಸುತ್ತಿತ್ತು. ಅಂದರೆ ಒತ್ತಬೇಕಾದ ಗುಟ್ಟಿನ ನಂಬರ್ ಗೊತ್ತಿದ್ದರೂ ಉಪಯೋಗವಿಲ್ಲ.

ಮುಂಬಾಗಿಲಿನದನ್ನು ಮೊದಲು ಹಾಕಿದ. ಪೆನ್ಸಿಲ್ ಗುರುತು, ರಸಮಟ್ಟ ಇಟ್ಟು ನೇರ ನೋಡುವುದು, ಡ್ರಿಲ್ಲಿಗೆ ಸಣ್ಣ ಬಿಟ್ ಹಾಕಿ ಕೊರೆಯುವುದು. ಗೋಡೆಯ ಪುಡಿ ನೆಲಕ್ಕೆ ಬೀಳದಂತೆ ಕೆಳಗೆ ಕಾಗದ ಮಡಚಿ ಅಂಟಿಸಿದ. ಅತ್ತಿಗೆಗೆ ಪುಡಿ ಬಿದ್ದರೆ ಆಗುವುದಿಲ್ಲ. ಹಿಂಬಾಗಿಲಿನದೂ ಆಯಿತು. ಎರಡೂ ಒಳ್ಳೆಯ ಕೆಲಸ. ಅಣ್ಣ ಪಕ್ಕದಲ್ಲಿ ನಿಂತು ಸ್ಕ್ರೂ ಕೊಡುತ್ತ, "ಇಷ್ಟು ನೀಟಾಗಿ ನಿನ್ನ ತಲೆ ಬಾಚ್ಕೊಂಡ್ರೆ ಎಂದೋ ಮದುವೆ ಆಗಿರೋದು," ಎಂದ.

ಹಿಂದಿನ ಕಿಟಕಿಗೆ ಬಂದು ಕಿಡಿ ಜರುಗುವ ಬಾಗಿಲನ್ನು ಒಮ್ಮೆ ಎಳೆದು ಮುಚ್ಚಿದ.

ಬೇಡ ಎಂದುಕೊಂಡ. ಹಾಗೆಂದುಕೊಂಡೇ ಅಯಸ್ಕಾಂತವನ್ನು ಜರುಗದ ಬಾಗಿಲಿಗೆ ಅಂಟಿಸಿದ. ಇನ್ನೊಂದು ವಾರ ಸಾಕು. ಇನ್ನೊಂದು ವಾರದಲ್ಲಿ ಎಲ್ಲಾದರೂ ಕೆಲಸ ಸಿಗುತ್ತದೆ, ಆಮೇಲೆ ಯಾರಿಗೂ ತಿಳಿಯದಂತೆ ಸರಿ ಮಾಡಿದರಾಯಿತು. ಅಲ್ಲಿಯವರೆಗೆ ಜರುಗುವ ಬಾಗಿಲನ್ನು ಯಾರು ಎತ್ತಿ ಕಳಚಿದರೂ ಎರಡು ತುಂಡುಗಳೂ ಒಂದಕ್ಕೊಂದು ಅಂಟಿದಂತೆ ಹಾಯಾಗಿ ಇರುತ್ತವೆ. ಮರದ ಕಿಟಕಿ ಮಾಡುವವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅಣ್ಣನಿಗೂ ಕಾಣಲಿಲ್ಲ. ತಲೆಯಾಡಿಸಿ ಮುಂದೆ ಹೋದ.

ಉಳಿದದ್ದು ಮೋಷನ್ ಸೆನ್ಸರ್. ಚಿತ್ರದಲ್ಲಿ ಅದನ್ನು ಹಾಲಿನ ಮೂಲೆಯಲ್ಲಿ, ಕೈಗೆಟುಕದ ಎತ್ತರದಲ್ಲಿ, ಇಡೀ ಕೋಣೆಗೆ ಅಡ್ಡವಾಗಿ ನೋಡುವಂತೆ ಹಾಕಿದ್ದರು. ಇನ್ನೊಂದು ಚಿತ್ರದಲ್ಲಿ ಅದರ ಸರಿಯಾಗಿ ಕೆಳಗೆ, ಗೋಡೆಗೆ ಒತ್ತಿಕೊಂಡಂತೆ, ಬಣ್ಣವಿಲ್ಲದ ಒಂದು ಪಟ್ಟಿ ಬಿಟ್ಟಿದ್ದರು. ಅಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ. ಅಡುಗೆಮನೆಯ ಬಾಗಿಲೂ ಮಂಚವೂ ಹಾಲಿನ ಒಂದೇ ಗೋಡೆಗೆ ಇದ್ದವು. ಆ ಎರಡರ ನಡುವೆ, ಅದೇ ಗೋಡೆಯ ಮೇಲೆ ಸೆನ್ಸರ್ ಕೂರಿಸಿದರೆ ಅದು ಮುಂಬಾಗಿಲನ್ನು ದಿಟ್ಟಿಸಿ ನೋಡುತ್ತದೆ. ತನ್ನ ಗದ್ದದ ಕೆಳಗೆ ಯಾರು ನಡೆದು ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ.

ಕಿಡಿ ಅಲ್ಲಿಯೇ ತೂತು ಕೊರೆದ.

"ಆಯ್ತು," ಎಂದ. "ಈಗ ನಡೆದು ನೋಡಬೇಕು. ಪರೀಕ್ಷೆಗೆ ಇಟ್ಟಿದೀನಿ, ಕೂಗಲ್ಲ. ಮನುಷ್ಯ ಕಂಡ್ರೆ ಕೆಂಪು ದೀಪ ಮಿಟುಕುತ್ತೆ."

ಅಣ್ಣ ಮುಂಬಾಗಿಲಿನಿಂದ ಒಳಗೆ ಬಂದ. ಮಿಟುಕಿತು. ಬಗ್ಗಿ ಬಂದ. ಮಿಟುಕಿತು. ಕುರ್ಚಿಯ ಮರೆಯಲ್ಲಿ ನಾಲ್ಕು ಕಾಲಿನ ಮೇಲೆ ತೆವಳುತ್ತ ಬಂದ. ಆಗಲೂ ಮಿಟುಕಿತು. ನಲವತ್ತರ ಮನುಷ್ಯ, ಮಂಡಿಗೆ ಧೂಳು ಹತ್ತಿಸಿಕೊಂಡು, ಗೆದ್ದವನಂತೆ ಎದ್ದು ನಿಂತ. "ಭಲೇ ಚುರುಕಿದೆ. ನೋಡು ಬಾರೇ."

ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. "ನೀವು ಕಳ್ಳ ಬಂದ ಹಾಗೆ ಬರ್ತಿಲ್ಲ. ನೆಂಟರು ಬಂದ ಹಾಗೆ ಬರ್ತಿದೀರಿ."

"ತೆವಳ್ಕೊಂಡು ಬರೋ ನೆಂಟರು ಯಾರಿದಾರೆ ನಿನಗೆ?"

"ಮುಂಬಾಗಿಲಿಂದ ಬಂದ್ರಲ್ಲ, ಅದಕ್ಕೆ ಹೇಳಿದೆ. ಅವನು ಬರೋದು ಹಿಂದಿನಿಂದ. ಅಡುಗೆಮನೆ ಕಟ್ಟೆ ಮೇಲೆ ಒಂದು ದಿನ ನೀರಿನ ಹನಿ ಇತ್ತು. ಅಲ್ಲಿಂದ ಬರ್ತಾನೆ, ಹೀಗೆ, ಗೋಡೆ ಪಕ್ಕ," ಎನ್ನುತ್ತ ಅವಳು ನಡೆದಳು. ಸೆನ್ಸರಿನ ಕೆಳಗೆ, ಗೋಡೆಗೆ ಭುಜ ತಾಗುವಂತೆ, ಅವಸರವಿಲ್ಲದೆ. "ಇಲ್ಲಿ ಕೂರ್ತಾನೆ," ಎಂದು ಮಂಚದ ಅಂಚಿನಲ್ಲಿ ಕೂತಳು.

ಮೂವರೂ ದೀಪ ನೋಡಿದರು. ದೀಪ ಕಪ್ಪಗೆ ಕೂತಿತ್ತು.

"ಮಲಗಿದೆ," ಎಂದ ಅಣ್ಣ, ನಗುತ್ತ. "ಇನ್ನೊಂದು ಸಲ ಬಾ."

ಇನ್ನೊಂದು ಸಲ ಬಂದಳು. ಏನೂ ಇಲ್ಲ. ಮೂರನೇ ಸಲ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಇಡೀ ಮನೆ ಕಾಣುತ್ತೆ ಇದಕ್ಕೆ. ಅವನು ಬರೋ ದಾರಿ ಒಂದು ಬಿಟ್ಟು."

ಅಣ್ಣ ನೆಲದಿಂದ ಹಾಳೆ ತೆಗೆದುಕೊಂಡು ಚಿತ್ರ ನೋಡಿದ. ಗೋಡೆ ನೋಡಿದ. "ಮೂಲೆಗೆ ಹಾಕಬೇಕು ಅಂತಿದೆಯಲ್ಲೋ."

"ಮೂಲೆಲಿ ಗೋಡೆ ಪೊಳ್ಳು," ಎಂದ ಕಿಡಿ. "ಸ್ಕ್ರೂ ನಿಲ್ಲಲ್ಲ."

ಹೇಳಬಾರದ ಸುಳ್ಳನ್ನು ಹೇಳಬಾರದವನ ಮುಂದೆ ಹೇಳಿದ್ದ. ಅಣ್ಣ ಮೂಲೆಗೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆಯನ್ನು ಮೂರು ಕಡೆ ತಟ್ಟಿದ. ಜೀವಮಾನವೆಲ್ಲ ಮರವನ್ನೂ ಗೋಡೆಯನ್ನೂ ತಟ್ಟಿ ಒಳಗೇನಿದೆ ಎಂದು ಕೇಳಿಸಿಕೊಂಡ ಕೈ ಅದು. ಗೋಡೆ ಗಟ್ಟಿಯಾಗಿ ಉತ್ತರ ಕೊಟ್ಟಿತು. ಅಣ್ಣ ತಮ್ಮನ ಕಡೆ ತಿರುಗಿದ. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮಂಚದಿಂದಲೇ ಹೇಳಿದಳು.

"ಬಿಡ್ರಿ, ಇದೆಲ್ಲ ಆಗೋದಲ್ಲ. ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ."

"ಏನು ಮಾತು ಅಂತ ಆಡ್ತಿ?"

"ಮನೇಲಿ ಒಬ್ಬರು ಇದ್ರೆ ಅವನು ಬರಲ್ಲ. ನೀವು ಬಿಡೋಕಾಗಲ್ಲ, ಕಿಡಿಗೆ ಈಗ ತಾನೆ ಒಂದು ಕಡೆ ಕಾಲು ನಿಂತಿದೆ. ನಾನೇ ಬಿಡ್ತೀನಿ." ಅವಳು ಮಂಚದ ಹೊದಿಕೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ಹೋದ ತಿಂಗಳಷ್ಟೇ ಲಾಂಡ್ರಿಯಲ್ಲಿ ಆರು ಜನರ ಮೇಜಿಗೆ ಅವಳನ್ನು ಮೇಲ್ವಿಚಾರಕಿ ಮಾಡಿದ್ದರು. ಆ ದಿನ ಅವಳು ಮನೆಗೆ ಬಂದು, ತನ್ನ ಹೆಸರು ಬರೆದ ಬಟ್ಟೆಯ ಪಟ್ಟಿಯನ್ನು ಎದೆಗೆ ಹಿಡಿದು ಕನ್ನಡಿಯ ಮುಂದೆ ನಿಂತದ್ದನ್ನು ಕಿಡಿ ಬಾಗಿಲ ಸಂದಿಯಿಂದ ನೋಡಿದ್ದ.

ಕಿಡಿಗೆ ಎಲ್ಲರ ಮೇಲೂ ಕೋಪ ಬಂತು. ಮಾಲೀಕನ ಮೇಲೆ, ಅಳಿಯನ ಮೇಲೆ, ಈ ಹಾಳು ಸೆನ್ಸರಿನ ಮೇಲೆ, ಸುಕ್ಕು ಓದುವ ಈ ಹೆಂಗಸಿನ ಮೇಲೆ, ನಂಬುವ ಈ ಅಣ್ಣನ ಮೇಲೆ. ಕೋಪ ಎಂದಿನಂತೆ ಎದೆಯಿಂದ ಬಾಯಿಗೆ ಬಂತು. ಆದರೆ ಈ ಸಲ ಅದನ್ನು ಯಾರ ಮುಖದ ಮೇಲೂ ಎಸೆಯಲು ಆಗಲಿಲ್ಲ. ಯಾರ ಕಡೆ ತಿರುಗಿಸಿದರೂ ಅದು ತನ್ನ ಕಡೆಗೇ ಮೂತಿ ಮಾಡಿ ನಿಲ್ಲುತ್ತಿತ್ತು.

"ಅತ್ತಿಗೆ, ಅಡುಗೆಮನೆಗೆ ಬನ್ನಿ. ಅಣ್ಣ, ನೀನೂ ಬಾ," ಎಂದ. "ಪರೀಕ್ಷೆಯಿಂದ ತೆಗೆದು ನಿಜವಾಗಿ ಚಾಲೂ ಮಾಡ್ತೀನಿ. ಒಂದು ನಿಮಿಷ ಬಿಡುವಿರುತ್ತೆ, ಅಷ್ಟರಲ್ಲಿ ಮುಂಬಾಗಿಲು ಚಿಲಕ ಹಾಕ್ಕೊಂಡು ಅಡುಗೆಮನೆಗೆ ಬಂದ್ಬಿಡಿ. ಹಿಂದಿನ ಕಿಟಕಿ ಚಿಲಕನೂ ಹಾಕಿ."

"ಎಲ್ಲಿಗೆ ಹೋಗ್ತಿ?"

"ಹೊರಗೆ."

ಮನೆಯ ಪಕ್ಕದ ಓಣಿಯಲ್ಲಿ ಒಬ್ಬನೇ ಹೋಗುವಷ್ಟು ಜಾಗ. ಹಿಂದಿನ ಕಿಟಕಿಯ ಮುಂದೆ ನಿಂತಾಗ ಗಾಜಿನ ಆಚೆ ಅವರಿಬ್ಬರೂ ಕಾಣುತ್ತಿದ್ದರು, ಅಣ್ಣ ಸೊಂಟಕ್ಕೆ ಕೈ ಕೊಟ್ಟು, ಅತ್ತಿಗೆ ಅವನ ಹಿಂದೆ. ಕಿಡಿ ಎರಡು ಅಂಗೈಗಳನ್ನು ಗಾಜಿನ ಚೌಕಟ್ಟಿಗೆ ಒತ್ತಿ ಮೇಲಕ್ಕೆತ್ತಿದ. ಟಕ್ ಎಂದು ಚಿಲಕ ಕಳಚಿಕೊಂಡಿತು. ಬಾಗಿಲನ್ನು ಪಕ್ಕಕ್ಕೆ ಜರುಗಿಸಿದ. ಸೈರನ್ ಕೂಗಲಿಲ್ಲ. ಕಾಲೆತ್ತಿ ಒಳಗೆ ಬಂದ. ಪಾತ್ರೆ ಸಾಲನ್ನು ತಾಗಿಸದೆ, ನೆಲದ ಒದ್ದೆ ಕಲ್ಲನ್ನು ದಾಟಿ, ಇಬ್ಬರ ಮಧ್ಯದಿಂದ ಯಾರನ್ನೂ ನೋಡದೆ ಹಾದು, ಹಾಲಿನ ಗೋಡೆಯ ಪಕ್ಕ ಹೋಗಿ ಮಂಚದ ಮೇಲೆ ಮಲಗಿದ. ಮನೆ ನಿಶ್ಶಬ್ದವಾಗಿತ್ತು. ಸೆನ್ಸರ್ ಮುಂಬಾಗಿಲನ್ನು ನೋಡುತ್ತಲೇ ಇತ್ತು.

"ಕಳ್ಳ ಹೀಗೆ ಬರ್ತಾನೆ," ಎಂದ, ಫ್ಯಾನನ್ನು ನೋಡುತ್ತ. "ಹನ್ನೆರಡಕ್ಕೆ ಬರ್ತಾನೆ. ಮೂರಕ್ಕೆ ಹೋಗ್ತಾನೆ. ಹತ್ತೊಂಬತ್ತು ದಿನ ಆಯ್ತು ಕೆಲಸ ಹೋಗಿ."

ಅಣ್ಣ ತಿರುಗಿ ತೆರೆದ ಕಿಟಕಿಯನ್ನೊಮ್ಮೆ ನೋಡಿ ಅಡುಗೆಮನೆಯ ಬಾಗಿಲಿಗೆ ಬಂದ. ಅವನ ಬಾಯಿಂದ ಬಂದದ್ದು ಕಿಡಿ ಕಾದಿದ್ದ ಮಾತಲ್ಲ. "ಆ ಕಿಟಕಿ ಎಷ್ಟು ಕಮ್ಮಿ ಇದೆ?"

"ನಾಲ್ಕು ಮಿಲಿಮೀಟರ್."

"ಗೊತ್ತಿದ್ದೂ ಹಾಕಿದ್ಯಾ?"

"ಹಾಕಿದ ಮೇಲೆ ಗೊತ್ತಾಯ್ತು."

ಅತ್ತಿಗೆ ಮಂಚದ ಹತ್ತಿರ ಬಂದಳು. ಅವಳು ಅಳಬಹುದು ಎಂದು ಕಿಡಿ ಎಣಿಸಿದ್ದ. ಅವಳ ಕಣ್ಣು ಒಣಗಿತ್ತು. "ಏಳು," ಎಂದಳು. ಅವನು ಎದ್ದು ನಿಂತ. ಅವಳು ಹೊದಿಕೆಯನ್ನು ಎಳೆದು, ಒಂದೇ ಸಲ ಜೋರಾಗಿ ಒದರಿ, ಹಾಸಿದಳು. "ಎಲ್ಲಾ ಬಿಚ್ಚು. ಸರಿಯಾಗಿ ಹಾಕು." ಇಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಿಡಿ ಹಾಕಿದ. ಸೆನ್ಸರನ್ನು ಬಿಚ್ಚಿ ಮೂಲೆಗೆ ಒಯ್ದ, ಹಳೆಯ ತೂತುಗಳನ್ನು ಬಿಳಿಯ ಪುಟ್ಟಿಯಿಂದ ಮುಚ್ಚಿದ. ಅಯಸ್ಕಾಂತವನ್ನು ಜರುಗುವ ಬಾಗಿಲಿಗೆ ತಂದ. ಕಿಟಕಿಯ ಮೇಲಿನ ಟ್ರ್ಯಾಕಿನೊಳಗೆ ಒಂದು ತುಂಡು ಪಟ್ಟಿ ಕೂರಿಸಿ ಸ್ಕ್ರೂ ಬಿಗಿದ. ಇನ್ನು ಅದನ್ನು ಎತ್ತುವವನು ಹುಟ್ಟಿ ಬರಬೇಕು. ಅಣ್ಣ ಪಕ್ಕದಲ್ಲಿ ಕೂತು, ಏನೂ ಕೇಳದೆ ಸ್ಕ್ರೂ ಕೊಡುತ್ತಿದ್ದ. ಮಧ್ಯೆ ಒಮ್ಮೆ, "ಯಾಕೆ ಹೋಯ್ತು ಕೆಲಸ?" ಎಂದ. ಕಿಡಿ ಹೇಳಿದ. ಅಪ್ಪನ ಮಾತು ಬಂದಲ್ಲಿ ಅಣ್ಣನ ಕೈಯಲ್ಲಿದ್ದ ಸ್ಕ್ರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. "ಹೂಂ," ಎಂದ, ಅಷ್ಟೇ.

ಮೂರೂವರೆಗೆ ಎಲ್ಲ ಮುಗಿಯಿತು. ಅತ್ತಿಗೆ ಕೋಣೆಯಿಂದ ಬಂದು ಪ್ರತಿಯೊಂದನ್ನೂ ತಾನೇ ನಡೆದು ನೋಡಿದಳು. ಗೋಡೆಯ ಪಕ್ಕ, ಮಂಚದ ಮೇಲೆ, ಮಂಚದ ಕೆಳಗೆ ಕೈ ಚಾಚಿಯೂ ನೋಡಿದಳು. ಎಲ್ಲ ಕಡೆ ದೀಪ ಮಿಟುಕಿತು. ಹಿಂದಿನ ಕಿಟಕಿಯನ್ನು ಹೊರಗಿನಿಂದ ಎತ್ತಿಸಿದಳು. ಅದು ಕೂದಲೆಳೆಯಷ್ಟೂ ಕದಲಲಿಲ್ಲ.

"ಇಬ್ಬರೂ ಹೊರಗೆ ಹೋಗಿ," ಎಂದಳು. "ನಾನೊಬ್ಬಳೇ ಇರ್ಬೇಕು ಒಳಗೆ. ನಾನು ಕರೆಯೋ ತನಕ ಬರಬೇಡಿ."

ಅಣ್ಣ ತಮ್ಮ ಹೋಗಿ ಮುಂದಿನ ಗೇಟಿನ ಕಟ್ಟೆಯ ಮೇಲೆ ಕೂತರು. ಒಳಗಿನಿಂದ ಚಿಲಕದ ಸದ್ದು, ಆಮೇಲೆ ಅಲಾರಾಂ ಚಾಲೂ ಆದ ಸಣ್ಣ ಬೀಪ್. ಮೇಲಿನ ಬಾಲ್ಕನಿಯಿಂದ ಆಂಟಿ ಇಣುಕಿದರು.

"ಏನ್ರಪ್ಪಾ, ಇಬ್ಬರನ್ನೂ ಒಟ್ಟಿಗೆ ಆಚೆ ಹಾಕಿದಾಳಾ?"

"ಅಲಾರಾಂ ಹಾಕಿದೀವಿ ಆಂಟಿ," ಎಂದ ಅಣ್ಣ. "ಪರೀಕ್ಷೆ ನಡೀತಿದೆ."

"ಯಾರದು, ಅಲಾರಾಂದಾ, ನಿಮ್ಮದಾ?"

ಅವರು ಮಂಡಿ ಹಿಡಿದುಕೊಂಡು ಒಳಗೆ ಹೋದರು.

ಕಿಡಿ ನೆಲ ನೋಡುತ್ತ ಹೇಳಿದ, "ನಾಳೆನೇ ಕೋಣೆ ನೋಡ್ತೀನಿ. ನೀನು ಅವತ್ತೇ ಹೇಳಿದ್ದೆ."

"ಕೆಲಸದ ವಿಷಯಕ್ಕೆ ಹೇಳಿದ್ದೆ. ಅಪ್ಪನ್ನ ಅಂದವನ ಮುಂದೆ ಗಾಜು ಬಿಟ್ಟದ್ದಕ್ಕೆ ನಾನು ಕೋಣೆ ಹುಡುಕು ಅನ್ನಲ್ಲ." ಅಣ್ಣ ಅಂಗೈಯ ಗಡಸು ಚರ್ಮವನ್ನು ಉಗುರಿನಿಂದ ಕೆರೆಯುತ್ತಿದ್ದ. "ಆದ್ರೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟವಳನ್ನ ಸಂಜೆ ಬೀದಿ ಪಾಲು ಮಾಡಿದ್ಯಲ್ಲ, ಅದು ನನ್ನ ಲೆಕ್ಕಕ್ಕೆ ಬರಲ್ಲ. ಈ ಮನೇಲಿ ನೀನು ಇರ್ತೀಯೋ ಬಿಡ್ತೀಯೋ ಅವಳು ಹೇಳಲಿ. ಅವಳು ಬೇಡ ಅಂದ್ರೆ ನಾನು ನಡುವೆ ಬಾಯಿ ಹಾಕಲ್ಲ."

"ಹಾಕಬೇಡ," ಎಂದ ಕಿಡಿ.

ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ನಲ್ಲಿ ಬಿಟ್ಟ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ನಾಲ್ಕೂವರೆ ಆಯಿತು. ಐದಾಯಿತು. ಅಣ್ಣ ಎದ್ದು ಹೋಗಿ ಕೋಣೆಯ ಕಿಟಕಿಯಿಂದ ನೋಡಿ ಬಂದು ಮತ್ತೆ ಕೂತ.

"ನಿದ್ದೆ ಮಾಡ್ತಿದಾಳೆ," ಎಂದ. "ರಾತ್ರಿಯೆಲ್ಲ ಎದ್ದು ಎದ್ದು ಕೂರೋಳು. ಹೇಗೆ ಮಲಗಿದಾಳೆ ನೋಡು ಹೋಗು."

ಕಿಡಿ ನೋಡಲು ಹೋಗಲಿಲ್ಲ. ತನಗೆ ಆ ಹಕ್ಕಿಲ್ಲ ಎನ್ನಿಸಿತು. ಬೀದಿಯಲ್ಲಿ ಸೈಕಲ್ಲುಗಳು ಹೋದವು, ಎದುರು ಮನೆಯವರು ಒಣಗಿದ ಬಟ್ಟೆ ತೆಗೆದರು, ನೆರಳು ಗೇಟು ದಾಟಿ ರಸ್ತೆಗೆ ಇಳಿಯಿತು. ಇಬ್ಬರೂ ಬೆನ್ನು ನೋಯಿಸಿಕೊಂಡು ಕೂತೇ ಇದ್ದರು. ಬಾಗಿಲು ತಟ್ಟುವ ಮನಸ್ಸು ಇಬ್ಬರಿಗೂ ಆಗಲಿಲ್ಲ.

ಆರು ಗಂಟೆಗೆ ಬೀಪ್ ಸದ್ದಾಗಿ ಬಾಗಿಲು ತೆರೆಯಿತು. ಅತ್ತಿಗೆಯ ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ಅವಳು ಗಂಡನನ್ನು ನೋಡಲಿಲ್ಲ, ನೇರ ಕಿಡಿಯನ್ನು ನೋಡಿದಳು.

"ನಂಬರ್ ಬದಲಾಯಿಸಿದೀನಿ," ಎಂದಳು. "ನಿನಗೆ ಹೇಳಲ್ಲ."

"ಆಯ್ತು ಅತ್ತಿಗೆ."

"ಹಗಲಲ್ಲಿ ಕೆಲಸ ಹುಡುಕು. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅಂತ ಹೇಳು. ನಾನು ನಾಲ್ಕಕ್ಕೆ ಬಂದಿರ್ತೀನಿ. ನಾಲ್ಕರ ಮೇಲೆ ಬಾ, ಬೆಲ್ ಒತ್ತು, ನಾನು ತೆಗೀತೀನಿ. ಎಂಟರ ತನಕ ಬೀದಿ ಅಲೀಬೇಕಾಗಿಲ್ಲ."

ಕಿಡಿ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ಮಾತಾಡಬೇಡ. ನನಗೆ ಕೋಪ ಬಂದಿದೆ. ಇಷ್ಟು ವರ್ಷ ನಿನ್ನ ಕೋಪ ಬಂದಾಗೆಲ್ಲ ನಾವಿಬ್ಬರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದೀವಿ. ಈಗ ನನಗೆ ಬಂದಿದೆ. ಯಾವಾಗ ಇಳಿಯುತ್ತೋ ಗೊತ್ತಿಲ್ಲ. ಅಲ್ಲಿ ತನಕ ನೀನು ಸರ್ಕೊಂಡಿರು. ಮನೇಲೇ ಇರು, ಆದ್ರೆ ಸರ್ಕೊಂಡಿರು."

ಅಣ್ಣ ಕೆಮ್ಮಿದ. ಅವಳು ಅವನ ಕಡೆ ತಿರುಗಿ, "ನಿಮಗೂ ಸೇರಿಸಿಯೇ ಹೇಳಿದ್ದು. ಹತ್ತು ದಿನ ನಂಬಲಿಲ್ಲ," ಎಂದು ಒಳಗೆ ಹೋದಳು.

ಮರುದಿನ ಕಿಡಿ ಏಳು ಅಂಗಡಿ ಸುತ್ತಿದ. ಯಾಕೆ ಬಿಟ್ಟೆ ಎಂದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆರು ಜನ ಮುಖ ತಿರುಗಿಸಿದರು. ಏಳನೆಯವನು ಮೆಟ್ಟಿಲ ಕಂಬಿ ಮಾಡುವವನು, "ಗುರುವಾರ ಬಾ, ನೋಡೋಣ," ಎಂದ. ನೋಡೋಣ ಎಂದವರನ್ನು ಕಿಡಿ ಬಹಳ ನೋಡಿದ್ದ. ಆದರೂ ಗುರುವಾರ ಎಂದು ಮನಸ್ಸಿನಲ್ಲಿ ಬರೆದುಕೊಂಡ.

ನಾಲ್ಕೂಕಾಲಿಗೆ ಮುಂಬಾಗಿಲಿನ ಮುಂದೆ ನಿಂತು ಬೆಲ್ ಒತ್ತಿದ. ಒಳಗೆ ಹೆಜ್ಜೆಯ ಸದ್ದು ಬಂತು. ಬೀಪ್ ಎಂದಿತು. ಅತ್ತಿಗೆ ಬಾಗಿಲು ತೆಗೆದಳು. ಹೆಗಲ ಮೇಲೆ ಒಗೆದ ಬಟ್ಟೆ, ಬಾಯಲ್ಲಿ ಒಂದು ಬಟ್ಟೆ ಕ್ಲಿಪ್ಪು. ಕ್ಲಿಪ್ಪು ಬಾಯಲ್ಲಿದ್ದುದರಿಂದ ಅವಳು ಮಾತಾಡಲಿಲ್ಲವೋ, ಕೋಪ ಇನ್ನೂ ಇಳಿಯದ್ದರಿಂದ ಮಾತಾಡಲಿಲ್ಲವೋ ಹೇಳುವುದು ಕಷ್ಟ. ಕಿಡಿ ಗೋಡೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದು ನಿಂತ. ಅವಳು ಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅವನು ಬರುತ್ತಾನೋ ಇಲ್ಲವೋ ಎಂದು ತಿರುಗಿಯೂ ನೋಡದೆ, ಬಟ್ಟೆ ಒಣಹಾಕಲು ಹಿಂದಕ್ಕೆ ನಡೆದಳು.